ಆಟಿಕೆ ಪೆಟ್ಟಿಗೆಯ ಆ ಹಾಳು ತಂತಿಗಳು

ಶನಿವಾರ ಮಗಳಿಗೆ 4 ತುಂಬಿತು. ತಾತ, ಅಜ್ಜಿ ಎರಡು ದಿನದ ಮಟ್ಟಿಗೆ ಬಂದಿದ್ದರು. ಶರತ್ಕಾಲ ಬೇರೆ, ಬೇಗ ಕತ್ತಲಾಗುತ್ತದೆ. ಬೆಳಕಿರುವಾಗಲೇ ಮೊಮ್ಮಗಳ ಜೊತೆ ಹೊರಗೆ ಆಡಬೇಕೆಂದು ತಾತ ಬ್ಯಾಟರಿ ಕಾರು ತಂದಿದ್ದರು. ಅದನ್ನು ಪೆಟ್ಟಿಗೆಯಿಂದ ಬಿಡಿಸೋಕೆ ಮುಕ್ಕಾಲು ಗಂಟೆ ಹಿಡಿಯಿತು!

ಒಂದೊಂದು ಚಕ್ರಕ್ಕೂ ತಂತಿ. ಅದನ್ನು ರಟ್ಟಿನ ಹಿಂದೆ ತಿರುಚಿ, ಮೇಲೆ ಟೇಪ್ ಅಂಟಿಸಿದ್ದಾರೆ. ತಾತ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ನಡುಗುವ ಬೆರಳಲ್ಲಿ ಒಂದೊಂದೇ ಬಿಚ್ಚುತ್ತಿದ್ದರು. ಪಕ್ಕದಲ್ಲಿ ಮಗಳು, "ಆಯ್ತಾ ತಾತ, ಆಯ್ತಾ?" ಅಷ್ಟರಲ್ಲಿ ಚಿಕ್ಕವನು ತಂತಿಯ ತುಂಡೊಂದನ್ನು ಬಾಯಿಗೆ ಹಾಕಿಕೊಂಡಿದ್ದ. ಎದೆ ಧಸಕ್ಕೆಂದಿತು.

ಬ್ಯಾಟರಿ ಮುಚ್ಚಳಕ್ಕೆ ಸ್ಕ್ರೂ ಇರಲಿ, ಬೇಡ ಅನ್ನುವುದಿಲ್ಲ. ಗುಂಡಿಯಂಥ ಚಿಕ್ಕ ಬ್ಯಾಟರಿ ನುಂಗಿದರೆ 2 ಗಂಟೆಯೊಳಗೇ ಮಗುವಿನ ಅನ್ನನಾಳ ಸುಡಬಹುದು. ಆದರೆ ಈ ತಂತಿ ಯಾರನ್ನು ಕಾಯೋಕೆ? ಅಂಗಡಿಯಲ್ಲಿ ಆಟಿಕೆ ಅಲುಗಾಡದೆ ಚೆಂದ ಕಾಣಲಿ ಅಂತ, ಅಲ್ವಾ? ರಟ್ಟನ್ನೇ ಮಡಚಿ ಅದರಲ್ಲಿ ಕೂರಿಸಿದರೆ ಸಾಕಿತ್ತು.

ಕಾರು ಹೊರಬರುವಷ್ಟರಲ್ಲಿ ಕತ್ತಲಾಗಿತ್ತು. ಭಾನುವಾರ ಬೆಳಿಗ್ಗೆ ಮಕ್ಕಳು ಏಳುವ ಮುಂಚೆಯೇ ಅವರು ಹೊರಟರು. ಮೊಮ್ಮಗಳು ಕಾರು ಓಡಿಸಿದ್ದನ್ನು ತಾತ ನೋಡಲೇ ಇಲ್ಲ.