ಚರಿತ್ರೆಯ ಪಹಣಿ ಯಾರ ಹೆಸರಲ್ಲಿದೆ?

ಅಮೆರಿಕದ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನಲ್ಲಿ ಆಡುವ ಬ್ರೌನ್ಸ್ ತಂಡದ ಸುದ್ದಿ ನೀವೂ ಓದಿರುತ್ತೀರಿ. ಕ್ಲೀವ್‌ಲ್ಯಾಂಡಿನ ಸರೋವರದ ದಂಡೆಯ ಚಳಿಗಾಳಿ ಸಾಕಾಯಿತೋ ಏನೋ, ವಿಮಾನ ನಿಲ್ದಾಣದ ಪಕ್ಕದ ಬ್ರೂಕ್ ಪಾರ್ಕ್‌ಗೆ ಹೊರಟಿದ್ದಾರೆ. ಅಲ್ಲಿ ಮೇಲೆ ಸೂರಿರುವ ಹೊಸ ಸ್ಟೇಡಿಯಂ. ಒಹಾಯೊ ರಾಜ್ಯ ಸರ್ಕಾರದ ಉಡುಗೊರೆ 60 ಕೋಟಿ ಡಾಲರ್.

ದುಡ್ಡು ಎಲ್ಲಿಂದ? ಜನ ಮರೆತು ಬಿಟ್ಟಿದ್ದರಿಂದ. ಯಾರೂ ಮುಟ್ಟದ ಬ್ಯಾಂಕ್ ಖಾತೆ, ನಗದಾಗದ ಚೆಕ್ಕು, ಮನೆ ಬಿಡುವಾಗ ವಾಪಸ್ ಕೇಳದ ಕರೆಂಟ್ ಡೆಪಾಸಿಟ್ಟು. ಇವೆಲ್ಲ ಸರ್ಕಾರದ ಹತ್ತಿರ ಹೋಗಿ ಬಿದ್ದಿರುತ್ತವೆ, ಒಡೆಯ ಬಂದು ಕೇಳಲಿ ಅಂತ. 2025ರ ಬಜೆಟ್‌ನಲ್ಲಿ ಆ ಗಂಟಿಗೇ ಕೈ ಹಾಕಿದರು. ಎಂಥ ತಲೆ ನೋಡಿ! ತೆರಿಗೆ ಹಾಕಿದರೆ ಜನ ಬೈಯುತ್ತಾರೆ. ಮರೆತವರು ಬೈಯುವುದಿಲ್ಲ. ಸತ್ತವರಂತೂ ಕೇಳಲೇಬೇಡಿ.

ಆದರೆ ಕ್ಲೀವ್‌ಲ್ಯಾಂಡ್ ಮರೆಯುವ ಊರಲ್ಲ. 1995ರ ನವೆಂಬರ್ 6ರಂದು ಆಗಿನ ಮಾಲೀಕ ಆರ್ಟ್ ಮೊಡೆಲ್, ತಂಡವನ್ನು ಬಾಲ್ಟಿಮೋರ್‌ಗೆ ಒಯ್ಯುತ್ತೇನೆ ಅಂತ ಘೋಷಿಸಿದರು. ಮಾರನೇ ದಿನವೇ ಮತದಾನ. ಇದೇ ತಂಡದ ಸ್ಟೇಡಿಯಂ ರಿಪೇರಿಗೆ ತೆರಿಗೆ ಕಟ್ಟುತ್ತೀರಾ ಅಂತ ಕೇಳಿದರೆ, ಜನ ಹೂಂ ಅಂದರು! ಮದುಮಗ ಓಡಿಹೋದ ಮೇಲೂ ಛತ್ರದ ಬಾಕಿ ಕಟ್ಟಿದ ಹಾಗೆ. ಡಿಸೆಂಬರ್‌ನಲ್ಲಿ ಅಲ್ಲಿ ನಡೆದ ಕೊನೆಯ ಪಂದ್ಯದಲ್ಲಿ ಕೂತಿದ್ದ ಕುರ್ಚಿಗಳನ್ನೇ ಕಿತ್ತು ಎಸೆದರು. ಪಾಪ, ಬೇರೆ ಏನು ಉಳಿದಿತ್ತು?

ಕೊನೆಗೆ ಪಂಚಾಯಿತಿ ಆಯಿತು. ಆಟಗಾರರು ಬಾಲ್ಟಿಮೋರ್‌ಗೆ. ಹೆಸರು, ಬಣ್ಣ, ದಾಖಲೆ, ಗೆದ್ದ ಪ್ರಶಸ್ತಿ ಎಲ್ಲ ಕ್ಲೀವ್‌ಲ್ಯಾಂಡ್‌ಗೆ. ಹಾಗಾಗಿ 1996ರಿಂದ ಮೂರು ಸೀಸನ್ ಬ್ರೌನ್ಸ್ ಅನ್ನುವ ತಂಡ ಇತ್ತು, ಆಟಗಾರರು ಇರಲಿಲ್ಲ. ಬರೀ ಚರಿತ್ರೆ ಇತ್ತು. 1999ರಲ್ಲಿ ಹೊಸಬರನ್ನು ಕರೆತಂದು ಆ ಹಳೇ ಚರಿತ್ರೆಯೊಳಗೆ ಕೂರಿಸಿದರು. ಅತ್ತ ಬಾಲ್ಟಿಮೋರ್‌ನಲ್ಲಿ ರೇವನ್ಸ್ ಅಂತ ಹೆಸರಿಟ್ಟುಕೊಂಡ ಕೂಸು, ಚರಿತ್ರೆ ಸೊನ್ನೆ, 2001ರ ಜನವರಿಯಲ್ಲೇ ಲೀಗ್‌ನ ಫೈನಲ್ ಆದ ಸೂಪರ್ ಬೌಲ್ ಗೆದ್ದಿತು. ಚರಿತ್ರೆ ಇಟ್ಟುಕೊಂಡವರು 2017ರಲ್ಲಿ ಹದಿನಾರಕ್ಕೆ ಹದಿನಾರೂ ಸೋತರು. ಅಭಿಮಾನಿಗಳು ಚಳಿಯಲ್ಲೇ ಸ್ಟೇಡಿಯಂ ಸುತ್ತ ಮೆರವಣಿಗೆ ಮಾಡಿದರು. ಸುತ್ತು ಹಾಕಿದರೆ ಸೊನ್ನೆ ಆಕಾರ ಬರುತ್ತದಲ್ಲ, ಅದಕ್ಕೆ.

ಬಾಲ್ಟಿಮೋರ್‌ನವರನ್ನು ಬೈಯೋಣ ಅಂದರೆ ಅವರದೂ ಸುಟ್ಟ ಕೈಯೇ. ಅವರ ಕೋಲ್ಟ್ಸ್ ತಂಡವನ್ನು ಮಾಲೀಕ ರಾಬರ್ಟ್ ಇರ್ಸೆ ಬೇರೆ ಊರಿಗೆ ಒಯ್ಯುವ ಸುಳಿವು ಸಿಕ್ಕಿ, ತಂಡವನ್ನೇ ವಶಪಡಿಸಿಕೊಳ್ಳುವ ಕಾನೂನಿಗೆ ರಾಜ್ಯ ಕೈ ಹಾಕಿತು. ಇರ್ಸೆ 1984ರ ಮಾರ್ಚ್ 28ರ ರಾತ್ರಿ ಸಾಮಾನು ಸಾಗಿಸುವ ಲಾರಿಗಳನ್ನು ಕರೆಸಿದರು. ಬಾಡಿಗೆ ಬಾಕಿ ಉಳಿಸಿಕೊಂಡವರು ಓಡಿಹೋಗುತ್ತಾರಲ್ಲ, ಥೇಟ್ ಹಾಗೆ. ಬೆಳಗಾಗುವಷ್ಟರಲ್ಲಿ ಹೆಲ್ಮೆಟ್ಟು, ಫೈಲು ಎಲ್ಲ ಇಂಡಿಯಾನಾಪೊಲಿಸ್ ದಾರಿ ಹಿಡಿದಿದ್ದವು.

ಉಳಿದವರು ತಂಡದ ಬ್ಯಾಂಡಿನವರು. ಅವರ ಸಮವಸ್ತ್ರ ಆ ರಾತ್ರಿ ಡ್ರೈಕ್ಲೀನಿಂಗ್‌ಗೆ ಹೋಗಿದ್ದರಿಂದ ಬಚಾವಾಯಿತು. ಆಮೇಲೆ ಯಾರಾದರೂ ಬಂದು ಕೇಳಿದರೆ ಅಂತ ಹೆದರಿ ಸ್ಮಶಾನದಲ್ಲಿ ಬಚ್ಚಿಟ್ಟರು. ಮುಂದೆ ಹನ್ನೆರಡು ವರ್ಷ ತಂಡವೇ ಇಲ್ಲದ ಆ ವಾಲಗದವರು ಬೇರೆ ಊರುಗಳ ಪಂದ್ಯದ ನಡುವೆ, ಮೆರವಣಿಗೆಗಳಲ್ಲಿ ಬಾರಿಸುತ್ತಾ ತಿರುಗಿದರು. ಈ ಇಡೀ ಲೀಗ್‌ನಲ್ಲಿ ನನಗೆ ಕೈಮುಗಿಯಬೇಕು ಅನ್ನಿಸುವುದು ಅವರಿಗೆ ಮಾತ್ರ.

ಕೋಲ್ಟ್ಸ್ ಮಾತ್ರ ಚರಿತ್ರೆಯನ್ನೂ ಲಾರಿಗೆ ಹಾಕಿಕೊಂಡೇ ಹೋಯಿತು. ಬಾಲ್ಟಿಮೋರ್‌ಗಾಗಿ ಹದಿನೇಳು ಸೀಸನ್ ಮೈಮೂಳೆ ಮುರಿಸಿಕೊಂಡ ಜಾನಿ ಯುನೈಟಸ್ ದಾಖಲೆಗಳು ಇಂದಿಗೂ ಇಂಡಿಯಾನಾಪೊಲಿಸ್ ಲೆಕ್ಕದಲ್ಲಿವೆ. ಆ ಮನುಷ್ಯ ಅತ್ತ ಕಡೆ ತಿರುಗಿ ಕೂಡ ನೋಡಲಿಲ್ಲ. ಅವರ ಪ್ರತಿಮೆ ನಿಂತಿರುವುದು ರೇವನ್ಸ್ ಸ್ಟೇಡಿಯಂ ಮುಂದೆ. ಆ ತಂಡಕ್ಕೆ ಅವರು ಒಂದು ದಿನವೂ ಆಡಿದವರಲ್ಲ.

ಹ್ಯೂಸ್ಟನ್ ಕಥೆ ಇನ್ನೂ ಚೆಂದ. ಅಲ್ಲಿನ ಆಯಿಲರ್ಸ್ 1997ರಲ್ಲಿ ಟೆನೆಸಿಗೆ ಹೋಗಿ, ಆಮೇಲೆ ಟೈಟನ್ಸ್ ಆಯಿತು. 2023ರ ಡಿಸೆಂಬರ್‌ನಲ್ಲಿ ಹ್ಯೂಸ್ಟನ್ನಿನ ಈಗಿನ ತಂಡ ಟೈಟನ್ಸ್ ಊರಾದ ನ್ಯಾಶ್‌ವಿಲ್‌ಗೆ ಆಡಲು ಬಂದಾಗ, ಟೈಟನ್ಸ್ ಹಳೇ ಆಯಿಲರ್ಸ್ ಬಟ್ಟೆ ತೊಟ್ಟು ಇಳಿಯಿತು. ಹೆಲ್ಮೆಟ್ ಮೇಲೆ ಎಣ್ಣೆಬಾವಿಯ ಗೋಪುರ! ಕದ್ದ ಸೀರೆ ಉಟ್ಟುಕೊಂಡು ಸೀರೆಯವಳ ಮುಂದೆಯೇ ಆರತಿ ಎತ್ತಿದ ಹಾಗೆ. ಹೆಚ್ಚುವರಿ ಸಮಯದಲ್ಲಿ ಹ್ಯೂಸ್ಟನ್ 19–16ರಲ್ಲಿ ಗೆದ್ದಿತು. ದೇವರು ಅಪರೂಪಕ್ಕೆ ಟಿವಿ ನೋಡುತ್ತಾನೆ. ಅದೇ ವರ್ಷ ಹ್ಯೂಸ್ಟನ್ ವಿಶ್ವವಿದ್ಯಾಲಯದ ಹುಡುಗರು ಊರಿನ ನೆನಪಿಗೆ ಆಯಿಲರ್ಸ್‌ನ ತಿಳಿನೀಲಿ ಬಣ್ಣ ಹಾಕಿದ್ದಕ್ಕೆ ಲೀಗ್‌ನಿಂದ ನೋಟಿಸ್ ಬಂತು.

ಒಂದು ಊರು ತನ್ನ ಬಣ್ಣ ತಾನು ಹಾಕಿಕೊಳ್ಳೋಕೂ ಅಪ್ಪಣೆ ಬೇಕು. ತೆರಿಗೆ ಕಟ್ಟಬೇಕಾದರೆ ಮಾತ್ರ ಅದು 'ನಮ್ಮ' ತಂಡ. ಕ್ಲೀವ್‌ಲ್ಯಾಂಡ್ ಜನ ಬಿಯರ್ ಕುಡಿದರೆ, ಸಿಗರೇಟು ಸೇದಿದರೆ ಸ್ಟೇಡಿಯಂಗೆ ತೆರಿಗೆ. 2014ರಲ್ಲಿ ಇನ್ನೂ ಇಪ್ಪತ್ತು ವರ್ಷಕ್ಕೆ ಅಂತ ಅವರೇ ಓಟು ಹಾಕಿದರು. ಮೊಡೆಲ್ ಮಾಡಿದ್ದು ಇನ್ನೊಬ್ಬರು ಮಾಡದಿರಲಿ ಅಂತ ಒಹಾಯೊದಲ್ಲಿ 1996ರಲ್ಲೇ ಒಂದು ಕಾನೂನು ಬಂದಿತ್ತು. ಸ್ಟೇಡಿಯಂ ದುಡ್ಡು ಕೊಟ್ಟ ಬಜೆಟ್ ಅದನ್ನೂ ತಿದ್ದಿತು: ರಾಜ್ಯ ಬಿಟ್ಟು ಹೋದರೆ ಮಾತ್ರ ಅನ್ವಯ. ನಾಚಿಕೆ ಅನ್ನುವುದು ಬೇಡವಾ ಇವರಿಗೆ? ಕೋಟ್ಯಧಿಪತಿಗಳ ಸೂರಿಗೆ ಸತ್ತ ಮುದುಕಿಯ ಖಾತೆಯ ದುಡ್ಡು ಬೇಕಿತ್ತಾ?

ಆ ಊರಿನ ಪಕ್ಕದಲ್ಲೇ ಇರುವ ನಮ್ಮ ಭಾವನಿಗೆ ಫೋನ್ ಮಾಡಿ, "ಭಾವ, ಮರೆತ ದುಡ್ಡು ಹುಡುಕುವ ಸರ್ಕಾರಿ ವೆಬ್‌ಸೈಟಲ್ಲಿ ನಿಮ್ಮ ಹೆಸರು ಹಾಕಿ ನೋಡಿ" ಅಂದೆ. ಹಾಕಿದರು. ಅಮೆರಿಕಕ್ಕೆ ಹೋದ ಹೊಸದರಲ್ಲಿದ್ದ ಮನೆಯ ಕರೆಂಟ್ ಡೆಪಾಸಿಟ್ಟು ಸಿಕ್ಕಿತು, 43 ಡಾಲರ್. "ಹಳೇ ವಿಳಾಸಕ್ಕೆ ದಾಖಲೆ ಕೇಳ್ತಾರಪ್ಪ. ಆ ಬಿಲ್ಲು ಈಗ ಎಲ್ಲಿಂದ ತರಲಿ? ಹೋಗಲಿ ಬಿಡು, ಕುರ್ಚಿಗೆ ಒಂದು ಮೊಳೆ ಆಗುತ್ತೆ" ಅಂದರು.

ಒಳಗಿನಿಂದ ಅಕ್ಕನ ದನಿ ಕೇಳಿಸಿತು. "ರೀ, ಆ ಬಿಲ್ಲು ನಾನು ಬಿಸಾಕಿಲ್ಲ. ಶೆಲ್ಫಿನ ಮೇಲೆ ಬಿಸ್ಕತ್ ಡಬ್ಬದಲ್ಲಿದೆ ನೋಡಿ."