ಪೇಲಿನ್ ಹಿಂದೆ ಪಾರ್ಟಿ ಪೂರ್ತಿ ಒಗ್ಗಟ್ಟಾಗಿತ್ತಾ? ಇಲ್ಲ

ಸಾರಾ ಪೇಲಿನ್ ಅಂದ್ರೆ 2008ರ ಅಮೆರಿಕ ಚುನಾವಣೆಯಲ್ಲಿ ರಿಪಬ್ಲಿಕನ್ ಪಾರ್ಟಿಯ ಉಪಾಧ್ಯಕ್ಷ ಅಭ್ಯರ್ಥಿ. "2008ರಲ್ಲಿ ಸಾರಾ ಪೇಲಿನ್‌ಗೆ ಅನುಭವ ಇಲ್ಲ ಅಂತ ಕೂಗಾಡಿದ್ದು ಬರೀ ಲಿಬರಲ್ ಮೀಡಿಯಾ, ರಿಪಬ್ಲಿಕನ್ ಕಡೆಯವ್ರೆಲ್ಲ ಒಂದೇ ಆಗಿದ್ರು" ಅಂತ ಫಾರ್ವರ್ಡ್ ಓಡಾಡ್ತಿದೆ, ತಪ್ಪು. ಬಿಲ್ ಕ್ರಿಸ್ಟಲ್ ಥರದ ಕನ್ಸರ್ವೇಟಿವ್ (ಬಲಪಂಥೀಯ) ಬರಹಗಾರರು ಆಯಮ್ಮನ್ನ ಹೊತ್ತು ಮೆರೆಸಿದ್ದು ನಿಜ, ಆದ್ರೆ ಕ್ಯಾಥ್ಲೀನ್ ಪಾರ್ಕರ್, ಅವ್ರೂ ಕನ್ಸರ್ವೇಟಿವೇ, ಮೊದ್ಲು ಮೆಚ್ಕೊಂಡಿದ್ದವ್ರೇ, ಪೇಲಿನ್ ಟಿವಿ ಇಂಟರ್ವ್ಯೂಗಳನ್ನ ನೋಡಿದ್ಮೇಲೆ ಸೆಪ್ಟೆಂಬರ್‌ನಲ್ಲೇ ಕಾಲಂ ಬರೆದು ಕಣದಿಂದ ಹಿಂದೆ ಸರೀರಿ, ಬೇಕಾದ್ರೆ ಎಳೆಮಗು ಜೊತೆ ಇರ್ಬೇಕು ಅಂತ ಕಾರಣ ಕೊಡಿ ಅಂತ ದಾರೀನೂ ತೋರಿಸಿದ್ರು. ಇನ್ನೊಬ್ಬ ಕನ್ಸರ್ವೇಟಿವ್ ಬರಹಗಾರ ಡೇವಿಡ್ ಬ್ರೂಕ್ಸ್ ಅಂತೂ ಆಯಮ್ಮನ್ನ ಪಾರ್ಟಿಗೆ ಹತ್ತಿದ ಕ್ಯಾನ್ಸರ್ ಅಂದ್ಬಿಟ್ರು.

ಹಾಗಂತ ಅನುಭವ ಸೊನ್ನೆ ಅನ್ನೋದೂ ಸರಿಯಲ್ಲ, ವಸಿಲ್ಲಾ ಅನ್ನೋ ಚಿಕ್ಕ ಊರಿಗೆ ಎರಡು ಸಲ ಮೇಯರ್, 2006ರ ಡಿಸೆಂಬರ್‌ನಿಂದ ಅಲಾಸ್ಕಾ ರಾಜ್ಯದ ಗವರ್ನರ್ ಆಗಿದ್ರು. ಇನ್ನು "ನಮ್ಮನೆಯಿಂದ ರಷ್ಯಾ ಕಾಣುತ್ತೆ" ಡೈಲಾಗ್ ಪೇಲಿನ್‌ದೇ ಅಲ್ಲ ಮಾರಾಯ್ರೆ, ಕಾಮಿಡಿ ಶೋನಲ್ಲಿ ಪೇಲಿನ್ ವೇಷ ಹಾಕಿದ್ದ ನಟಿ ಟೀನಾ ಫೇ ಹೇಳಿದ್ದು.