ಮೂರು ಬಣ್ಣ ನಿಮ್ಮದು, ನಾಲ್ಕನೆಯದು ಆಟಿಯದು

ಗಮ್ ಪ್ರಿಂಟ್ ಅಂದರೆ ಗೋಂದಿಗೆ ಬಣ್ಣ ಕಲಸಿ ಕಾಗದಕ್ಕೆ ಬಳಿದು, ಮೇಲೆ ನೆಗೆಟಿವ್ ಇಟ್ಟು ಬೆಳಕಿನಲ್ಲಿ ಮೂಡಿಸುವ ಫೋಟೋ. ಬಣ್ಣದ ಫೋಟೋಗೆ ಹಳದಿ, ಮಜೆಂಟಾ, ನೀಲಿ ಅಂತ ಒಂದರ ಮೇಲೊಂದು ಮೂರು ಪದರ. ಬೇಕಾದ್ದು ಗೋಂದು, ಡೈಕ್ರೋಮೇಟ್ (ಬೆಳಕು ಬಿದ್ದಲ್ಲಿ ಗೋಂದನ್ನು ಗಟ್ಟಿಮಾಡುವ ರಾಸಾಯನಿಕ, ಉಳಿದದ್ದು ನೀರಲ್ಲಿ ತೊಳೆದುಹೋಗುತ್ತದೆ), ಜಲವರ್ಣ, ಬಿಸಿಲು. ಮಂಗಳೂರಿನಲ್ಲಿ ಮಳೆಗಾಲವಿಡೀ, ಅದರಲ್ಲೂ ಆಟಿಯಲ್ಲಿ (ತುಳುವರ ಮಳೆಯ ತಿಂಗಳು), ಬಿಸಿಲಿಗೆ ರಜೆ. ಯುವಿ ಟ್ಯೂಬ್‌ಲೈಟ್ ಇದ್ದರೆ ಸುಧಾರಿಸಬಹುದು. ನಿಜವಾದ ಉಪದ್ರ ಬಣ್ಣದ ಅಂಗಡಿಯಲ್ಲಿ ಶುರು.

ಬಣ್ಣದ ಟ್ಯೂಬಿನ ಮುಂದಿನ ಹೆಸರನ್ನು ನಂಬಬೇಡಿ ಮಾರಾಯ್ರೆ. ಬಾಲದಲ್ಲಿ ‘ಹ್ಯೂ’ ಅಂತಿದ್ದರೆ ಒಳಗಿರುವುದು ಬೇರೆಯೇ. ಹಿಂದಿನ ಸಣ್ಣಕ್ಷರದಲ್ಲಿ ಬಣ್ಣದ ಪುಡಿಯ (ಪಿಗ್ಮೆಂಟಿನ) ಸಂಕೇತ ಓದಿ: ಹಳದಿಗೆ ಪಿವೈ 150, ಮಜೆಂಟಾಕ್ಕೆ ಪಿಆರ್ 122, ನೀಲಿಗೆ ಪಿಬಿ 15:3. ಟ್ಯೂಬಿಗೊಂದೇ ಸಂಕೇತ. ಹತ್ತು ಸಂಕೇತ ಕಲಸಿದ್ದನ್ನು ತಂದರೆ ಮೂರು ಪದರ ಮುಗಿಯುವಾಗ ಆಷಾಢದ ನೇತ್ರಾವತಿಯ ಬಣ್ಣ ಗ್ಯಾರಂಟಿ.

ಇನ್ನು ಯಾವ ಬಣ್ಣ ಮೊದಲು ಎನ್ನುವ ಕ್ರಮದ ಜಗಳ. ಕ್ಯಾಡ್ಮಿಯಂ ಹಳದಿಗೆ ಪಾರದರ್ಶಕತೆ ಇಲ್ಲ. ಕೊನೆಗೆ ಬಳಿದರೆ ಕೆಳಗಿನ ಎರಡೂ ಮಂಕಾಗುತ್ತವೆ, ಹಾಗಾಗಿ ಅದು ತಳದಲ್ಲೇ ಇರಬೇಕು. ಆದರೆ ಬಿಳಿ ಕಾಗದದ ಮೇಲೆ ಹಳದಿಯ ಅಂಚು ಕಾಣುವುದೇ ಕಷ್ಟ. ಎರಡನೇ ನೆಗೆಟಿವ್ ಅಂದಾಜಿನಲ್ಲಿ ಕೂರಿಸಿದರೆ ಮೂಗಿನ ಪಕ್ಕ ಇನ್ನೊಂದು ಮೂಗು. ಪಿವೈ 150 ಪಾರದರ್ಶಕ. ಅದಿದ್ದರೆ ನೀಲಿಯೇ ಮೊದಲು, ಹಳದಿ ಕೊನೆಗೆ ಎನ್ನುವುದು ನಮ್ಮ ಪಕ್ಷ. ಫೋಟೋವನ್ನು ಕಂಪ್ಯೂಟರಿನಲ್ಲಿ ಕೆಂಪು, ಹಸಿರು, ನೀಲಿ ಚಾನೆಲ್‌ಗಳಾಗಿ ಒಡೆದು ಒಂದೊಂದಕ್ಕೂ ಒಂದು ನೆಗೆಟಿವ್ ಮಾಡುತ್ತೇವೆ. ನೀಲಿ ಬಣ್ಣಕ್ಕೆ ಕೆಂಪು ಚಾನೆಲ್ಲಿನ ನೆಗೆಟಿವ್, ಮಜೆಂಟಾಕ್ಕೆ ಹಸಿರಿನದು, ಹಳದಿಗೆ ನೀಲಿಯದು. ಹೆಸರು ಒಂದೇ ಅಂತ ನೀಲಿಗೆ ನೀಲಿಯನ್ನೇ ಜೋಡಿಸಿದರೆ ಮದುಮಗಳ ಕೆನ್ನೆ ನೀಲಿ. ಆಮೇಲೆ ಅವಳ ಮನೆಯವರಿಗೆ ಉತ್ತರ ಕೊಡುವುದು ನೀವೇ. ಕಾಗದವನ್ನೂ ಮೊದಲೇ ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿ ಒಣಗಿಸಿ. ಇಲ್ಲದಿದ್ದರೆ ಮೊದಲ ಪದರ ತೊಳೆದಾಗ ಕಾಗದ ಕುಗ್ಗುತ್ತದೆ, ನೆಗೆಟಿವ್ ಕುಗ್ಗುವುದಿಲ್ಲ. ಆಮೇಲೆ ಜೆಲಟಿನ್ ಸೈಜಿಂಗ್, ಅಂದರೆ ಬಣ್ಣ ಕಾಗದದೊಳಗೆ ಇಂಗದಂತೆ ಜೆಲಟಿನ್ ಲೇಪ.

ಗೋಂದು 5 ಮಿ.ಲೀ., ಡೈಕ್ರೋಮೇಟ್ ದ್ರಾವಣ 5 ಮಿ.ಲೀ. ಹಳದಿ ಹಾಕಿದಷ್ಟೇ ನೀಲಿ ಹಾಕಬೇಡಿ, ಅರ್ಧದಿಂದ ಶುರು ಮಾಡಿ. ಪಿಬಿ 15ರ ದರ್ಬಾರು ದೊಡ್ಡದು. ಚೂರು ಕಾಗದಕ್ಕೆ ಬಳಿದು, ಕತ್ತಲಲ್ಲಿ ಒಣಗಿಸಿ, ಬೆಳಕು ಕೊಡದೆಯೇ ತೊಳೆಯಿರಿ. ಬಣ್ಣ ಉಳಿದರೆ ಒಂದೋ ಬಣ್ಣ ಜಾಸ್ತಿ, ಇಲ್ಲವೇ ಸೈಜಿಂಗ್ ಕಮ್ಮಿ. ಎರಡೂ ಸರಿಯಿದ್ದು ಕಲೆ ಉಳಿದರೆ ಅಪರಾಧಿ ಆಟಿ: ತೇವದಲ್ಲಿ ಬಳಿದ ಪದರ ಕತ್ತಲಲ್ಲೇ ಗಟ್ಟಿಯಾಗುತ್ತದೆ. ಬಳಿದದ್ದನ್ನು ನಾಳೆಗೆ ಇಡಬೇಡಿ. ತಣ್ಣನೆಯ ಗಾಳಿಯಲ್ಲಿ ಒಣಗಿಸಿ ಕೂಡಲೇ ಬೆಳಕಿಗೆ ಒಡ್ಡಿ.

ಹೊರಗಿಟ್ಟ ಗೋಂದಿಗೆ ಬೂಸ್ಟು ಬರುತ್ತದೆ, ಫ್ರಿಜ್ಜಿನಲ್ಲಿಡಿ. ‘ಜೇನಲ್ಲ’ ಅಂತ ಚೀಟಿಯೂ ಇರಲಿ, ನೀರುದೋಸೆಯ ಹೊತ್ತಿನಲ್ಲಿ ಯಾರೂ ವಾಸನೆ ನೋಡುವುದಿಲ್ಲ. ಡೈಕ್ರೋಮೇಟ್ ಮಾತ್ರ ಅಡುಗೆಮನೆಯ ಹೊಸಿಲು ದಾಟಬಾರದು: ವಿಷ, ಕ್ಯಾನ್ಸರ್‌ಕಾರಕ. ಕೈಗೆ ಗ್ಲೌಸ್ ಹಾಕಿ, ತೊಳೆದ ನೀರನ್ನು ಬಾವಿಕಟ್ಟೆಯ ಬದಿಗೆ ಚೆಲ್ಲಬೇಡಿ.